ಕರೆಯಲು ಹೋದವನು

ಕರೆದುಕೊಂಡು ಬರುವುದಷ್ಟೇ ತನ್ನ ಕೆಲಸ, ಹೊಡೆಯುವವರು ಬೇರೆ. ಹಾಗಾದರೆ ತಪ್ಪು ತನ್ನದು ಹೇಗಾಗುತ್ತದೆ? ಕಾಣಿಯೂರಿನಲ್ಲಿ ಕಾಲೇಜಿನ ಗೆಳೆಯ ಅಕ್ಷಿತ್‌ನ ಮನೆಯ ಮೆಟ್ಟಿಲು ಹತ್ತುವಾಗಲೂ ಸುಜಯ್‌ಗೆ ಉತ್ತರ ಸಿಕ್ಕಿರಲಿಲ್ಲ.

ಹರ್ಷಿತ್ ಇನ್ನಿಬ್ಬರ ಜೊತೆ ಕೆಳಗಿನ ತಿರುವಿನಲ್ಲಿ ಕ್ರಿಕೆಟ್ ವಿಕೆಟ್ ಹಿಡಿದು ಕಾಯುತ್ತಿದ್ದ. ಅವನು ಜೂನಿಯರ್ ಒಬ್ಬನಿಗೆ ಹೊಡೆದದ್ದನ್ನು ಅಕ್ಷಿತ್ ಪ್ರಾಂಶುಪಾಲರಿಗೆ ಹೇಳಿದ್ದ. "ನೀನು ಕರೆದ್ರೆ ಅವ ಬರ್ತಾನೆ. ನಮ್ಮ ಜೊತೆ ಇರ್ಬೇಕಾದ್ರೆ ಇಷ್ಟು ಮಾಡು" ಎಂದಿದ್ದ ಹರ್ಷಿತ್. ಮಾವನ ಮನೆಯಲ್ಲಿದ್ದು ಓದಲು ಮಂಡೆಕೋಲಿನಿಂದ ಬಂದ ಸುಜಯ್‌ನ ಅರೆಭಾಷೆಗೆ, ಆ ಕಡೆಯ ಮನೆಮಾತಿಗೆ, ತರಗತಿ ನಕ್ಕಾಗ, ಅವನನ್ನು ತನ್ನ ಬೆಂಚಿಗೆ ಕರೆದವನು ಅದೇ ಹರ್ಷಿತ್. ಆ ಜಾಗ ಕಳೆದುಕೊಳ್ಳಲು ಸುಜಯ್‌ಗೆ ಭಯ.

ಅಕ್ಷಿತ್‌ನ ತಾಯಿ ಸೀತು ಹೊರಬಂದರು. "ಅವ ಸ್ನಾನಕ್ಕೆ ಹೋಗಿದ್ದಾನೆ. ಕೂತ್ಕೋ ಮಗಾ."

"ಬೇಡ ಆಂಟಿ, ಇಲ್ಲೇ ನಿಲ್ತೇನೆ."

"ಎಂತ ನಿಲ್ಲುದು? ಬಸ್ಸಲ್ಲಿ ಅವನಿಗೆ ಸೀಟು ಹಿಡಿಯುದು ನೀನೇ ಅಲ್ವಾ?"

ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ಬಂತು. ಅಭ್ಯಾಸದಂತೆ ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದ. ನೆನಪು ಬಂದದ್ದು ಆಮೇಲೆ. ಜಾಗದ ಗಡಿ ತಕರಾರಿನ ವರ್ಷ ಅಜ್ಜಿ ದೇವಮ್ಮ ನೆರೆಮನೆಯ ಅಂಗಳದಲ್ಲೇ ನಿಂತು ಮಾತು ಮುಗಿಸಿ, ಒಣ ಗಂಟಲಲ್ಲೇ ಹಿಂತಿರುಗಿದ್ದರು. ಬೆಲ್ಲ ನೀರು ಮುಟ್ಟಿದ ಮೇಲೆ ಆ ಮನೆಯವರಿಗೆ ಕೆಡುಕು ಮಾಡುವಂತಿಲ್ಲ ಎಂದಿದ್ದರು.

ಜೇಬಿನಲ್ಲಿ ಫೋನ್ ಅದುರಿತು. ಸುಜಯ್ ಚೊಂಬು ಕೆಳಗಿಟ್ಟು, ಒಬ್ಬನೇ ಇಳಿದು ಹೋದ.

"ಅವ ಎಲ್ಲಿ?" ಹರ್ಷಿತ್ ಕೇಳಿದ.

"ಕರೆಯಲಿಲ್ಲ. ಕರೆಯುದೂ ಇಲ್ಲ. ಅಲ್ಲಿ ಬೆಲ್ಲ ನೀರು ಕುಡಿದೆ."

ಹಿಂದಿದ್ದವನೊಬ್ಬ ನಕ್ಕ. "ನಿನ್ನನ್ನು ಕಳಿಸಿದ್ದು ನೆಂಟಸ್ತಿಕೆಗಾ ಮಾರಾಯ?"

ಹರ್ಷಿತ್ ನಗಲಿಲ್ಲ. ಸುಜಯ್‌ನ ಕಾಲರ್ ಹಿಡಿದ. "ಅವನಿಂದಾಗಿ ನನ್ನ ಅಪ್ಪ ಕಾಲೇಜಿಗೆ ಬಂದು ಕೈಮುಗಿದದ್ದು ಗೊತ್ತುಂಟಾ?"

"ಗೊತ್ತುಂಟು. ಆದ್ರೆ ಹೊಡೆದದ್ದು ನೀನಲ್ವಾ? ಇವತ್ತು ಹೊಡಿಲೇಬೇಕಾದ್ರೆ ನನಗೆ ಹೊಡಿ."

ಹರ್ಷಿತ್ ಮೇಲಿನ ಮನೆಯತ್ತ ನೋಡಿದ. ಅವನೂ ಇದೇ ಊರಿನವನು, ಬೆಲ್ಲ ನೀರಿನ ಮಾತು ಅವನಿಗೂ ಗೊತ್ತು. ಕಾಲರ್ ಬಿಟ್ಟ.

"ನಾಳೆಯಿಂದ ನಮ್ಮ ಬೆಂಚಿಗೆ ಬರ್ಬೇಡ."

ವಿಕೆಟ್‌ಗಳು ಚೀಲ ಸೇರಿದವು. ಬೈಕ್‌ಗಳು ಬಂದ ದಾರಿಯಲ್ಲೇ ಹೋದವು.

ಮರುದಿನ ಸುಜಯ್ ಮುಂದಿನ ಖಾಲಿ ಬೆಂಚಿನಲ್ಲಿ ಒಬ್ಬನೇ ಕುಳಿತ. ಮಧ್ಯಾಹ್ನದ ಹೊತ್ತಿಗೆ, ನಿನ್ನೆ ನಕ್ಕಿದ್ದವನು ಬಂದು ಪಕ್ಕದಲ್ಲಿ ಬ್ಯಾಗ್ ಇಟ್ಟ.

ಸಂಜೆ ಬಸ್ಸಿನಲ್ಲಿ ಅಕ್ಷಿತ್ ಕೇಳಿದ: "ನಿನ್ನೆ ಮನೆಗೆ ಬಂದಿದ್ದಿಯಂತೆ, ನಾನು ಬರುವಷ್ಟರಲ್ಲಿ ಇಲ್ಲ. ಎಂತಕ್ಕೆ ಬಂದದ್ದು?"

"ಸುಮ್ಮನೆ" ಎಂದ ಸುಜಯ್, ಕಿಟಕಿಯ ಕಡೆ ಸರಿದು ಅವನಿಗೆ ಜಾಗ ಬಿಟ್ಟ.

ಅಂದು ಯಾಕೆ ಹೋಗಿದ್ದೆನೆಂದು ಅವನು ಅಕ್ಷಿತ್‌ಗೆ ಎಂದೂ ಹೇಳಲಿಲ್ಲ.