ಬಿಸ್ಕಿಟಪ್ಪನಿಗೆ ಹೋಳಿಗೆ ಊಟ

ಹ್ಯಾಮ್‌ಸ್ಟರ್ ಅಂದರೆ ಇಲಿಯ ದಾಯಾದಿ. ಬಾಲ ಇದ್ದೂ ಇಲ್ಲದಷ್ಟು ಗಿಡ್ಡ, ಹೊಟ್ಟೆ ಮಾತ್ರ ಶೆಟ್ಟರದ್ದು. ನಮ್ಮ ಕಡೆ ಇಂಥದ್ದು ಕಣ್ಣಿಗೆ ಬಿದ್ದರೆ ಪೊರಕೆ ಹುಡುಕುತ್ತಾರೆ. ಅಮೆರಿಕದಲ್ಲಿ ಅದಕ್ಕೆ ಪಂಜರ, ಓಡಲು ಗಾಲಿ, ಮೇಲೊಂದು ಹೆಸರು. ಪ್ಲೇನ್ಸ್‌ಬರೋದ ಒಂದು ಶಾಲೆಯ ಎರಡನೇ ತರಗತಿಯಲ್ಲಿದ್ದ ಹ್ಯಾಮ್‌ಸ್ಟರಿಗೆ ಬಿಸ್ಕಿಟ್ ಅಂತ ಹೆಸರಿತ್ತು. ಶನಿವಾರ ಭಾನುವಾರ ಅದನ್ನು ಒಂದೊಂದು ವಾರ ಒಂದೊಂದು ಮಗು ಮನೆಗೆ ಒಯ್ಯಬೇಕು. ಮಕ್ಕಳಿಗೆ ಜವಾಬ್ದಾರಿ ಬರಲಿ, ಮನಸ್ಸು ಮೆತ್ತಗಾಗಲಿ ಎಂದು ಶಾಲೆಯವರ ಯೋಚನೆ. ಸಂಕ್ರಾಂತಿಯ ವಾರ ಅದು ಕೀರ್ತಿಯ ಮನೆಗೆ ಬಂತು.

ಕೀರ್ತಿಯ ಅಜ್ಜಿ ಶೈಲಮ್ಮ ಗದಗ ಕಡೆಯವಳು. ಮಗ ಬಸವಕಿರಣನ ಅಪಾರ್ಟ್‌ಮೆಂಟಿಗೆ ದೀಪಾವಳಿಗೆ ಬಂದವಳು ಚಳಿಗೆ ಬಾಗಿಲು ದಾಟದೆ ಕೂತಿದ್ದಳು. ಅವಳ ಮನೆತನದಲ್ಲಿ ಉಣ್ಣಲು ಕೂತವರಿಗೆ ಸಾಕು ಅನ್ನುವ ಹಕ್ಕಿರಲಿಲ್ಲ. ಬೀಗರು ಎಲೆಗೆ ಅಂಗೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ತುಪ್ಪ ಸುರಿಯುವ ಕೈ ಅವಳದು. ಅಂಥವಳ ಎದುರು ಪಂಜರ ಇಟ್ಟು ಕೀರ್ತಿ ಒಂದು ಬಟ್ಟಲಿಗೆ ಒಣ ಗುಳಿಗೆಗಳನ್ನು ಸುರಿದಳು.

"ಇದೇನವಾ, ಕುರಿ ಹಿಕ್ಕಿ ಹಂಗೈತಿ?"

"ಇಟ್ಸ್ ಹಿಸ್ ಫುಡ್, ಅಜ್ಜಿ."

"ಯಾವ ಪಾಪ ಮಾಡ್ಯಾನ ಅಂವ? ಜೇಲಿನಾಗೂ ಇದಕ್ಕಿಂತ ಚಲೋ ಹಾಕ್ತಾರ."

ಮರುದಿನ ಶೈಲಮ್ಮ ಶೇಂಗಾ ಹೋಳಿಗೆ ಮಾಡಿದಳು. ಒಂದು ಚೂರು ಮುರಿದು ಪಂಜರದ ಸಂದಿಯಿಂದ ತೂರಿಸಿದಳು. ಬಿಸ್ಕಿಟ್ ಅದನ್ನು ಗಬಕ್ಕನೆ ದವಡೆಗೆ ಸೇರಿಸಿ ಮತ್ತೆ ಮೂತಿ ಚಾಚಿತು. ಸಿಕ್ಕಿದ್ದನ್ನು ನುಂಗದೆ ಕೆನ್ನೆಯಲ್ಲಿ ತುಂಬಿಟ್ಟುಕೊಳ್ಳುವುದು ಆ ಜಾತಿಯ ಗುಣ. ಶೈಲಮ್ಮನಿಗೆ ಅದೇನು ಗೊತ್ತು? ಬೇಡ ಅನ್ನದ ಅತಿಥಿಯನ್ನು ಅವಳು ಜನ್ಮದಲ್ಲಿ ಮೊದಲ ಸಲ ಕಂಡಿದ್ದಳು.

"ನೋಡ, ಬಿಸ್ಕಿಟಪ್ಪ ಎಷ್ಟು ಹಸದಿದ್ದ" ಎಂದು ಇನ್ನೊಂದು ಚೂರು ಕೊಟ್ಟಳು.

"ಒನ್ ಮೋರ್, ಅಜ್ಜಿ" ಎಂದು ಕೀರ್ತಿ ನಕ್ಕಳು. ಅಜ್ಜಿ ಮೊಮ್ಮಗಳು ಸೇರಿ ಅದರ ಮುಖ ತಲೆದಿಂಬಿನಂತೆ ಉಬ್ಬುವವರೆಗೆ ಉಪಚಾರ ಮಾಡಿದರು. ಬೆಲ್ಲ ಅಂಟಿತು, ಕೆನ್ನೆ ಕಟ್ಟಿತು. ಭಾನುವಾರ ಬೆಳಿಗ್ಗೆ ಬಿಸ್ಕಿಟಪ್ಪ ಗಾಲಿಯ ಪಕ್ಕದಲ್ಲಿ ಶಿವಪಾದ ಸೇರಿದ್ದ.

ಸೊಸೆ ಐಶ್ವರ್ಯಾ ಜಿಮ್ಮಿಗೆ ಹೋಗಿದ್ದಳು. ಬಸವಕಿರಣ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದ.

"ಎಲ್ಲಿ ಒಯ್ತೀಯೋ?"

"ಕಸಕ್ಕ, ಅವ್ವಾ. ಮತ್ತೆಲ್ಲಿ?"

"ಮನಿಗೆ ಬಂದಾಂವ ಸತ್ತರ ಕಸಕ್ಕ ಒಗಿತೀಯಾ? ನಿಮ್ಮಪ್ಪನ್ನ ಹಂಗ ಒಗದಿದ್ವೇನು?"

ಹೊರಗೆ ನೆಲ ಹೆಪ್ಪುಗಟ್ಟಿ ಬಂಡೆಯಾಗಿತ್ತು. ಮಣ್ಣಂತ ಇದ್ದದ್ದು ಒಂದೇ ಕಡೆ, ಚಳಿಗೆಂದು ಒಳಗೆ ತಂದಿಟ್ಟ ಕರಿಬೇವಿನ ಕುಂಡದಲ್ಲಿ. ನಮ್ಮ ಲಿಂಗಾಯತ ಮಂದಿಯಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ, ಮಲಗಿಸಿ ಅಲ್ಲ. ಶೈಲಮ್ಮ ಬಿಸ್ಕಿಟಪ್ಪನನ್ನೂ ಕೂರಿಸಿದಳು. ಹೊಟ್ಟೆಯ ದೆಸೆಯಿಂದ ಅವನು ಸರಾಗವಾಗಿ ಕೂತ. ಹಣೆಗೆ ವಿಭೂತಿ ಹಚ್ಚಿದಳು. ಕೀರ್ತಿ ಮೇಲೆ ಒಂದು ಹಿಡಿ ಮಣ್ಣು ಹಾಕಿ ಗೊಳೋ ಎಂದು ಅತ್ತಳು. ಅತ್ತು ಮುಗಿದಿದ್ದರೆ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು.

ಆದರೆ ಬಸವಕಿರಣ ಕಂಪ್ಯೂಟರಿನವನು. ಒಂದು ಕೆಟ್ಟರೆ ಇನ್ನೊಂದು ಹಾಕುವುದು ಅವನ ಕಸುಬು. ಮಧ್ಯಾಹ್ನ ಅಂಗಡಿಗೆ ಹೋಗಿ ಅದೇ ಬಣ್ಣದ, ಅದೇ ಗಾತ್ರದ ಇನ್ನೊಂದು ಹ್ಯಾಮ್‌ಸ್ಟರ್ ತಂದು ಪಂಜರದಲ್ಲಿ ಬಿಟ್ಟ. ಮಗಳ ಎದುರು ಮೊಣಕಾಲೂರಿ ಕೂತು, "ಪುಟ್ಟಿ, ಇದೇ ಬಿಸ್ಕಿಟ್. ಓಕೆ? ಸ್ಕೂಲಲ್ಲಿ ಗೊತ್ತಾದ್ರೆ ಅಜ್ಜಿಗೆ ಪ್ರಾಬ್ಲಮ್ ಆಗುತ್ತೆ" ಅಂದ. ಹುಡುಗಿಯ ಬಾಯಿ ಮುಚ್ಚಿಸಲು ಆಡಿದ ಮಾತು. ಬಾಯಿ ಮುಚ್ಚಿತು, ಆದರೆ ಹೊಟ್ಟೆ ಸುಮ್ಮನಿರಲಿಲ್ಲ.

ಸೋಮವಾರದಿಂದ ಕೀರ್ತಿಗೆ ಬೆಳಗಾದರೆ ಹೊಟ್ಟೆನೋವು. ಶಾಲೆಯಲ್ಲಿ ದಿನವೂ ನರ್ಸಿನ ಕೋಣೆ. ಡಾಕ್ಟರು ಒತ್ತಿ ನೋಡಿ ಏನೂ ಇಲ್ಲ ಅಂದರು. ರೊಟ್ಟಿ ತಟ್ಟೆಯಲ್ಲೇ ಒಣಗಿತು. ಶೈಲಮ್ಮ ತುಪ್ಪ ಹಾಕಿ ನೋಡಿದಳು, ಬೆಲ್ಲ ಸವರಿ ನೋಡಿದಳು. ಮಗು ಬೆಲ್ಲ ಕಂಡರೆ ಮುಖ ತಿರುಗಿಸುತ್ತಿತ್ತು. ಇಲಿ ತಿಂದು ಸತ್ತಿತು, ಇವಳು ತಿನ್ನದೆ ಸಾಯುತ್ತಾಳೆ ಅಂತ ಮುದುಕಿಯ ಎದೆ ಹಿಡಿಯಷ್ಟಾಯಿತು.

ಮುಂದಿನ ವಾರ ಶಾಲೆಯ ಕೌನ್ಸೆಲರಿಂದ ಫೋನು ಬಂತು. ನಮ್ಮೂರಲ್ಲಿ ಮಾಸ್ತರು ಮನೆಗೆ ಹೇಳಿ ಕಳಿಸಿದರೆ, ನಾನು ಹೊಡೆದದ್ದು ಸಾಲಲಿಲ್ಲ, ನೀವೂ ಎರಡು ಬಾರಿಸಿ ಅಂತ ಅರ್ಥ. ಇಲ್ಲಿಯವರು ಮೆತ್ತಗೆ ಕೇಳುತ್ತಾರೆ. ಅದಕ್ಕೇ ಹೆಚ್ಚು ಹೆದರಿಕೆ.

"ಕಿರಣ್, ಮನೇಲಿ ಎಲ್ಲಾ ಸರಿ ಇದ್ಯಾ ಅಂತ ಕೇಳಿದ್ರು" ಎಂದು ಐಶ್ವರ್ಯಾ ಸೋಫಾದ ಮೇಲೆ ಕುಸಿದಳು. ಅವಳು ಬೆಂಗಳೂರಿನವಳು. "ನಾವು ಏನೋ ಮಾಡ್ತಿದ್ದೀವಿ ಅನ್ಕೊಂಡಿದ್ದಾರೆ."

"ಏನಂದಿ?"

"ಎವ್ರಿಥಿಂಗ್ ಈಸ್ ಫೈನ್ ಅಂದೆ. ಇನ್ನೇನು, ನಮ್ಮತ್ತೆ ಹ್ಯಾಮ್‌ಸ್ಟರ್ ಕೊಂದ್ರು ಅನ್ಲಾ?" ಅಷ್ಟರಲ್ಲಿ ಅವಳಿಗೆ ಬೇರೆ ಏನೋ ಹೊಳೆಯಿತು. "ಅತ್ತೆ, ಅದನ್ನ ಹೂತಿದ್ದೆಲ್ಲಿ?"

"ಕರಿಬೇವಿನ ಕುಂಡದಾಗ."

"ನಿನ್ನೆ ಅದೇ ಎಲೆ ಹಾಕಿ ಉಪ್ಪಿಟ್ಟು ಮಾಡಿದ್ದೆ."

"ಭಾಳ ಚಲೋ ಆಗಿತ್ತು" ಅಂದಳು ಶೈಲಮ್ಮ.

ಸೊಸೆ ಎದ್ದು ಬಚ್ಚಲಿಗೆ ಹೋದಳು.

ಆ ಶುಕ್ರವಾರ ಮನೆಯ ಹಿರಿಯರು ತರಗತಿಗೆ ಬಂದು ಮಕ್ಕಳೊಡನೆ ಕೂರುವ ದಿನ. ಜಮಖಾನೆಯ ಮೇಲೆ ಎಲ್ಲರೂ ಸುತ್ತ ಕೂರುವುದು, ಹತ್ತಿಯ ಕರಡಿಯೊಂದು ಕೈಯಿಂದ ಕೈಗೆ ಹೋಗುವುದು, ಕರಡಿ ಯಾರ ಕೈಗೆ ಬಂತೋ ಅವರು ಮನಸ್ಸಿನಲ್ಲಿದ್ದದ್ದನ್ನು ಹೇಳುವುದು. ಕಾರಿನಲ್ಲಿ ಬಸವಕಿರಣ ತಾಯಿಗೆ ಪಾಠ ಹೇಳಿಕೊಟ್ಟ.

"ಅವ್ವಾ, ಒಂದು ಹಾಡು ಹೇಳು, ಸಾಕು. ಇಲಿ ಸುದ್ದಿ ಎತ್ತಬ್ಯಾಡ."

"ಆತು ಬಿಡಪಾ."

ಅಜ್ಜಿಯನ್ನೂ ಮೊಮ್ಮಗಳನ್ನೂ ಒಳಗೆ ಬಿಟ್ಟು ಅವನು ಕಾರಿನಲ್ಲೇ ಕೂತು ಆಫೀಸಿನ ಮೀಟಿಂಗ್ ತೆರೆದ.

ತರಗತಿಯಲ್ಲಿ ಒಬ್ಬ ಚೀನೀ ಅಜ್ಜ, ಗುಜರಾತಿಯಲ್ಲಿ ಬಾ ಅನ್ನಿಸಿಕೊಳ್ಳುವ ಒಬ್ಬಳು ಅಜ್ಜಿ, ಉಳಿದವರು ಬಿಳಿಯರು. ಟೀಚರು ಡೊನೊವನ್ ಮೇಡಂ, ಕೆಂಪು ಕೂದಲಿನ ದೊಡ್ಡ ಹೆಂಗಸು. ನೆಲಕ್ಕೆ ಕೂರಲಾಗದ ಶೈಲಮ್ಮನಿಗೆ ಕುರ್ಚಿ ಹಾಕಿಸಿಕೊಟ್ಟಳು. ಕೀರ್ತಿ ಅಜ್ಜಿಯ ಕಾಲ ಬಳಿ ಕೂತಳು. ಮೂಲೆಯ ಪಂಜರದಲ್ಲಿ ಸುಳ್ಳು ಬಿಸ್ಕಿಟ್ ಗಾಲಿ ತಿರುಗಿಸುತ್ತಿತ್ತು. ಗಾಲಿ ಕಿರ್ ಅಂದಾಗಲೆಲ್ಲ ಮಗು ಹೊಟ್ಟೆ ಹಿಡಿಯುವುದನ್ನು ಶೈಲಮ್ಮ ನೋಡಿದಳು.

ಕರಡಿ ಅವಳ ಕೈಗೆ ಬಂತು. ಅವಳು ಹಾಡು ಬಿಟ್ಟು ಮೊಮ್ಮಗಳತ್ತ ಬಾಗಿದಳು.

"ಕೀರ್ತಿ, ನಾ ಹೇಳಿದ್ದು ಇಂಗ್ಲಿಷಿನಾಗ ಹೇಳು" ಎಂದು ಶುರುಮಾಡಿದಳು. "ನಿಮ್ಮ ಬಿಸ್ಕಿಟಪ್ಪ ನಮ್ಮ ಮನಿಗೆ ಬಂದಿದ್ದ. ನಾನು ಹೋಳಿಗಿ ತಿನಿಸಿದೆ. ಗಂಟಲಿಗೆ ಸಿಕ್ಕಿ ಸತ್ತ. ಆ ಮೂಲ್ಯಾಗಿರಾಂವ ಬ್ಯಾರೆ. ತಪ್ಪು ನನ್ನದು, ಹುಡುಗೀದಲ್ಲ."

ಕೀರ್ತಿಯ ಮುಖ ಬಿಳಿಚಿತು. "ಶೀ ಸೇಸ್ ಶೀ ಲೈಕ್ಸ್ ಅವರ್ ಸ್ಕೂಲ್" ಅಂದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ಡೊನೊವನ್ ಮೇಡಂ ಕರಡಿಗೆ ಕೈ ಚಾಚಿದಳು. ಶೈಲಮ್ಮ ಬಿಡಲಿಲ್ಲ.

"ನಾ ಮಾರುದ್ದ ಹೇಳಿದೆ, ನೀ ಗೇಣುದ್ದ ಹೇಳಿದಿ. ಅದರಾಗ ಬಿಸ್ಕಿಟಪ್ಪನ ಹೆಸರ ಬರಲಿಲ್ಲ. ನಾ ಸಾಲಿ ಕಲಿತಿಲ್ಲ, ಕಿವುಡಿ ಅಲ್ಲ."

ಹುಡುಗಿ ಅಜ್ಜಿಯ ಸೀರೆ ಹಿಡಿದುಕೊಂಡಳು. ಮನೆಯಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಆವತ್ತು ಮುರುಕು ಕನ್ನಡ ಹುಡುಕಿ ಪಿಸುಗುಟ್ಟಿದಳು. "ಬೇಡ ಅಜ್ಜಿ. ಅಪ್ಪ ಹೇಳಿದ, ನಿನಗೆ ಪ್ರಾಬ್ಲಮ್. ಪೊಲೀಸ್ ಬರ್ತದೆ. ನಿನ್ನ ಪ್ಲೇನಲ್ಲಿ ಹಾಕ್ತದೆ."

ಹೊಟ್ಟೆನೋವಿನ ಬೇರು ಎಲ್ಲಿದೆ ಅಂತ ಶೈಲಮ್ಮನಿಗೆ ಆಗ ತಿಳಿಯಿತು. ಇಲಿಗಾಗಿ ಅಲ್ಲ, ಇಷ್ಟು ದಿನ ಮಗು ಉಪವಾಸ ಬಿದ್ದದ್ದು ತನಗಾಗಿ. ಮಗನ ಮೇಲೆ ಬಂದ ಸಿಟ್ಟನ್ನು ನುಂಗಿಕೊಂಡಳು.

"ಹುಚ್ಚಿ, ನಿಮ್ಮಜ್ಜ ಸಾಯೂತನಕ ನನ್ನ ಹೋಳಿಗಿ ತಿಂದ. ಯಾವ ಪೊಲೀಸನೂ ಬರಲಿಲ್ಲ. ನನ್ನನ್ನ ಹಿಡದೊಯ್ದರ ಅವರಿಗೇ ತ್ರಾಸು, ಜೇಲಿನಾಗ ಎಲ್ಲಾರಿಗೂ ತಿನಿಸಿಬಿಡ್ತೀನಿ. ಹೇಳು."

ಕೀರ್ತಿ ಅಳುತ್ತಲೇ ನಕ್ಕಳು, ಮೂಗು ಸೋರಿತು. ಆಮೇಲೆ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಅಜ್ಜಿ ಹೇಳಿದ್ದಕ್ಕಿಂತ ಬಹಳ ಉದ್ದ. ಬಿಸ್ಕಿಟ್ ಅನ್ನುವ ಹೆಸರು ಸಾಕಷ್ಟು ಸಲ ಬಂತು, ನಡುವೆ ಡ್ಯಾಡಿ ಅನ್ನುವುದೂ ಬಂತು. ಶೈಲಮ್ಮ ತಲೆಯಾಡಿಸುತ್ತ ಕೂತಳು.

ಆಮೇಲೆ ಎರಡು ಜಡೆಯ ಒಬ್ಬ ಹುಡುಗಿ ಶೈಲಮ್ಮನತ್ತ ಬೆರಳು ತೋರಿಸಿ, "ಯು ಕಿಲ್ಡ್ ಬಿಸ್ಕಿಟ್" ಅಂದಳು. ಅದಕ್ಕೆ ದುಭಾಷಿ ಬೇಕಾಗಲಿಲ್ಲ.

"ಹೌದವಾ, ನಾನಾ ಕೊಂದೆ" ಎಂದು ಶೈಲಮ್ಮ ಎದೆ ಮುಟ್ಟಿಕೊಂಡಳು.

ಆ ಹುಡುಗಿ ಬೋರೆಂದು ಅತ್ತಳು. ಅವಳ ಹಿಂದೆ ನಾಲ್ಕಾರು ಮಕ್ಕಳು ಅತ್ತರು. ಗುಜರಾತಿ ಬಾ ಕೂಡ ಸೆರಗಿನಿಂದ ಕಣ್ಣೊರೆಸಿಕೊಂಡಳು. ಡೊನೊವನ್ ಮೇಡಂ ಕೀರ್ತಿಯ ಬಳಿ ಮೊಣಕಾಲೂರಿ ಮೆಲ್ಲಗೆ ಏನೋ ಹೇಳಿದಳು.

"ಏನಂತಾಳ?"

"ನೋ ಪೊಲೀಸ್ ಅಂತೆ" ಅಂದಳು ಕೀರ್ತಿ. ಹೊಟ್ಟೆಯ ಮೇಲಿನ ಕೈ ಕೆಳಗಿಳಿದಿತ್ತು.

ಅಳು ಇಳಿದ ಮೇಲೆ ಪ್ರಶ್ನೆಗಳು ಎದ್ದವು. ಎಲ್ಲಿ ಹೂತಿರಿ, ಕೂರಿಸಿದ್ದು ಹೇಗೆ, ಕಣ್ಣು ತೆರೆದಿತ್ತೇ? ಶೈಲಮ್ಮ ಕರಡಿಯನ್ನು ಮಡಿಲಲ್ಲಿ ಚಕ್ಕಳಮಕ್ಕಳ ಕೂರಿಸಿ ತೋರಿಸಿದಳು. ಇಡೀ ತರಗತಿ ಹಾಗೇ ಕೂತು ಕಣ್ಣು ಮುಚ್ಚಿ ಸತ್ತುಬಿಟ್ಟಿತು. ಚೀನೀ ಅಜ್ಜನೂ ಸತ್ತ. ಡೊನೊವನ್ ಮೇಡಂ ಮುಖದಲ್ಲಿ ನಗುವೂ ಗಾಬರಿಯೂ ಯಾವುದು ಮೊದಲು ಬರಬೇಕು ಅಂತ ಜಗಳಾಡುತ್ತಿದ್ದವು.

ಆಮೇಲೆ ಇವನು ಬಿಸ್ಕಿಟ್ ಅಲ್ಲವಾದರೆ ಇವನಾರು ಎಂಬ ಗಲಾಟೆ ಎದ್ದಿತು. ಒಬ್ಬನು ಒಂದು ಹೆಸರು ಕೂಗಿದರೆ ಎರಡು ಜಡೆಯವಳು ಇನ್ನೊಂದು ಕೂಗಿದಳು. ಕೀರ್ತಿ ಪಂಜರಕ್ಕೆ ಬೆನ್ನು ಕೊಟ್ಟು ನಿಂತು, ಸೊಂಟದ ಮೇಲೆ ಕೈಯಿಟ್ಟು ಎಲ್ಲರಿಗಿಂತ ಜೋರಾಗಿ ಕಿರುಚುತ್ತಿದ್ದಳು. ಶೈಲಮ್ಮ ಕೋಟು ತೊಟ್ಟು ಬಾಗಿಲಲ್ಲಿ ನಿಂತಳು. ಟಾಟಾ ಮಾಡಲೆಂದು ಕೈ ಎತ್ತಿದಳು. ಹುಡುಗಿ ಇತ್ತ ನೋಡಲೂ ಇಲ್ಲ. ಇದಕ್ಕಿಂತ ಬೇರೇನು ಬೇಕು ಅಂದುಕೊಂಡು ಕೈ ಇಳಿಸಿದಳು.

ಕಾರಿನಲ್ಲಿ ಬಸವಕಿರಣ ಕಿವಿಯಿಂದ ಯಂತ್ರ ತೆಗೆದ. "ಹಾಡು ಹೇಳಿದೇನವ್ವಾ?"

"ಹೇಳಿದೆ."

"ಯಾವುದು?"

"ಎಲ್ಲಾ."

ಅವನ ಫೋನು ಗುರುಗುಟ್ಟಿತು. ಪರದೆಯ ಮೇಲೆ ಶಾಲೆಯ ಹೆಸರು ಮೂಡಿತ್ತು. ಬಸವಕಿರಣ ತಾಯಿಯ ಮುಖ ನೋಡಿದ, ಫೋನು ನೋಡಿದ, ಮತ್ತೆ ತಾಯಿಯ ಮುಖ ನೋಡಿದ.

"ಎತ್ತು" ಎಂದು ಶೈಲಮ್ಮ ಸೀಟ್ ಬೆಲ್ಟ್ ಎಳೆದುಕೊಂಡಳು. "ನಂದು ನಾ ಹೇಳಿ ಬಂದೀನಿ. ಅಂಗಡಿಗೆ ಹೋದಾಂವ ನೀನು, ನಿಂದು ನೀ ಹೇಳು."