ಬೆನ್ನು ಮುಟ್ಟದೆ ಕೊಂಡ ಆಟಗಾರರು

ಮಸಗುಪ್ಪಿಯ ಕುರಿಗಾರ ಲಕ್ಷ್ಮಣನ ಮನೆಯಲ್ಲಿ ಈಗ ಎರಡೇ ಉಸಿರು: ಅವನದು, ಅಂಗಳದಲ್ಲಿ ಕಟ್ಟಿದ ಕರಿಯ ಹೆಣ್ಣುಮರಿಯದು. ಹಿಂಡು ಅಣ್ಣನ ಜೊತೆ ದೂರ ಮೇಯಲು ಹೋಗಿದೆ. ಹೆಂಡತಿ ಲಗಮವ್ವ ಹೆರಿಗೆಗೆಂದು ತವರೂರಾದ ದಡ್ಡಿಗೆ ಹೋಗಿದ್ದಾಳೆ. ಮರಿಯನ್ನು ಹುಟ್ಟಲಿರುವ ಕೂಸಿನ ಹೆಸರಿಗೆ ಬಿಟ್ಟವಳು ಅವಳೇ. ಕೂಸು ಕಣ್ಣು ಬಿಡುವ ಮೊದಲೇ ಅದಕ್ಕೊಂದು ಕುರಿ ಇರಬೇಕು, ಅದು ಅವರ ಮನೆಯ ರೂಢಿ.

ಚಹಾಕ್ಕೆ ಜೊತೆಯಿಲ್ಲದವನಿಗೆ ಫೋನೇ ಜೊತೆಯಾಯಿತು. ಅದರಲ್ಲೊಂದು ಆಟ. ಅಮೆರಿಕದಲ್ಲಿ ರಾತ್ರಿ ಬಾಸ್ಕೆಟ್‌ಬಾಲ್ ನಡೆಯುವಾಗ ಇಲ್ಲಿ ಬೆಳಗು. ದುಡ್ಡು ಕಟ್ಟಿ ಅಲ್ಲಿನ ಆಟಗಾರರನ್ನು ಆರಿಸಿ ತಂಡ ಮಾಡಬೇಕು; ಅವರು ಆ ದಿನದ ಪಂದ್ಯದಲ್ಲಿ ತರುವ ಅಂಕದ ಮೇಲೆ ಗೆಲುವು, ಸೋಲು. ಪ್ರತಿಯೊಬ್ಬನಿಗೂ ಆ ಆಟದವರು ಒಂದು ಪಗಾರ, ಲೆಕ್ಕಕ್ಕಷ್ಟೇ ಒಂದು ಸಂಬಳ, ಹಚ್ಚಿರುತ್ತಾರೆ; ಎಲ್ಲರ ಪಗಾರ ಸೇರಿ ಒಂದು ಮಿತಿ ದಾಟಬಾರದು. ಲಕ್ಷ್ಮಣ ದೊಡ್ಡ ಪಗಾರದವರನ್ನು ಮೊದಲು ಹಿಡಿಯುತ್ತಿದ್ದ, ಉಳಿದದ್ದರಲ್ಲಿ ಸಿಕ್ಕವರನ್ನು ತುಂಬುತ್ತಿದ್ದ. ಆ ಹೆಸರುಗಳನ್ನು, ದೂರದ ನೆಂಟರನ್ನು ಕರೆದಂತೆ, ಒಬ್ಬನೇ ಮೆಲ್ಲಗೆ ಕರೆಯುತ್ತಿದ್ದ. ಸೋಲುತ್ತಿದ್ದ.

ಕೈ ಬರಿದಾದ ಮೇಲೆ, ಒಂದು ಮುಂಜಾನೆ ಮೂಡಲಗಿಯ ಸಂತೆಯಲ್ಲಿ ಮಾರಲೆಂದು ಮರಿಯ ಹಗ್ಗ ಬಿಚ್ಚಿದ.

ಬಾಜೂ ಮನೆಯ ದೀಪಾ ಗೋಕಾಕದ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡುವ ಹುಡುಗಿ. ಬಸ್ಸಿಗೆ ಹೊರಟವಳು ಹಗ್ಗ ನೋಡಿ ನಿಂತಳು. ಕೇಳಿ ತಿಳಿದುಕೊಂಡು, ಫೋನಿನಲ್ಲಿ ಅವನ ತಂಡವನ್ನೂ ನೋಡಿದಳು.

“ಕಾಕಾ, ಪಗಾರ ದೊಡ್ಡದಿದ್ರಷ್ಟ ಸಾಲಂಗಿಲ್ಲ. ಇವತ್ತ ಎಷ್ಟೊತ್ತು ಆಡ್ತಾನ, ಆ ಪಗಾರಕ್ಕ ಎಷ್ಟು ಅಂಕ ತರ್ತಾನ, ಅದು ಅವನ ಬೆಲಿ. ನಿಮ್ಮ ಈ ದೊಡ್ಡ ಪಗಾರದ ಸಾಹೇಬ ಕಾಲು ನೋವಂತ ಹೊರಗ ಕುಂತಾನ.”

“ಹಂಗಾರ ನನಗೂ ಕಲಿಸು. ಮರಿ ಮಾರಿದ ದುಡ್ಡಿನ್ಯಾಗ ಎಲ್ಲಾ ತಿರುಗಿ ತರ್ತೇನಿ.”

“ಸಂತ್ಯಾಗ ಬೆನ್ನ ಮ್ಯಾಲ ಕೈ ಇಟ್ಟು ಮೈ ನೋಡದನ ಎಂದಾರ ಕುರಿ ತಗೊಂಡೀರೇನು?”

“ನಾ ಹುಚ್ಚ ಅದೀನೇನು?”

“ಮತ್ತ ಈ ಆಟಗಾರರ ಬೆನ್ನು ನಿಮ್ಮ ಕೈಗೆ ಸಿಗತೈತೇನು? ಲೆಕ್ಕ ಬಲ್ಲವರೂ ಸೋಲ್ತಾರ ಕಾಕಾ. ನಾ ಪುಕ್ಕಟೆ ಆಡ್ತೇನಿ, ಸೋತ್ರ ನಗತೇನಿ. ಕೂಸಿನ ಕುರಿ ಪಣಕ್ಕಿಟ್ಟು ಯಾರೂ ಆಡಬಾರದು.”

ಲಕ್ಷ್ಮಣನ ಕೈ ತಾನಾಗಿಯೇ ಮರಿಯ ಬೆನ್ನಿಗೆ ಹೋಯಿತು. ತುಂಬಿದ ಬೆನ್ನು, ಬೆಚ್ಚಗಿತ್ತು. ಹಗ್ಗ ತಿರುಗಿ ಗೂಟಕ್ಕೆ ಕಟ್ಟಿದ.

ದೀಪಾ ಬಸ್ಸು ಹತ್ತಿ ಹೋದಳು. ಲಕ್ಷ್ಮಣ ಆಟವನ್ನು ಫೋನಿನಿಂದ ತೆಗೆದು ದಡ್ಡಿಗೆ, ಹೆಂಡತಿಗೆ ಫೋನ್ ಹಚ್ಚಿದ. ಸೋತದ್ದೆಲ್ಲ ಹೇಳಿದ.

“ಮರಿ ಐತಿಲ್ಲ?” ಎಂದಳು ಲಗಮವ್ವ.

ಅವನು ಫೋನನ್ನು ಮರಿಯ ಬಾಯಿಗೆ ಹಿಡಿದ. ಅದು ಕೂಗಿತು.

ಅಕ್ಕಂದಿರೆ, ಅಣ್ಣಂದಿರೆ, ಹಚ್ಚಿದ ಪಗಾರವೇ ಬೆಲೆಯಲ್ಲ. ಆಟವನ್ನು ಆಟವಾಗಿ ನೋಡಿ, ದುಡ್ಡು ಕಟ್ಟಬೇಡಿ. ನಿಮ್ಮ ಓಣಿಯಲ್ಲಿ ಯಾರಾದರೂ ಒಬ್ಬರೇ ಫೋನು ಹಿಡಿದು ಕೂತಿದ್ದರೆ, ಇವತ್ತೇ ಒಂದು ಕಪ್ ಚಹಾ ಹಿಡಿದು ಅವರ ಬಾಜೂ ಹೋಗಿ ಕೂತುಕೊಳ್ಳಿ.