ಇಬ್ಬರಿಗೂ ಒಂದೇ ಅಳತೆ

ಕಿಣಿ ಎಂದಿತು, ಸುಮ್ಮನಾಯಿತು, ಖಾಲಿ ಡಬ್ಬಿಯಲ್ಲಿ ಒಂದೇ ಕಾಳು ಉಳಿದ ಹಾಗೆ, ಎಲ್ಲಿಂದ ಬಂತು ಈ ಸದ್ದು, ಬೀದಿಯ ಎರಡೂ ಬದಿಗೆ ತಳ್ಳುಗಾಡಿಗಳು, ಟೋಪಿ, ಚೀಲ, ಮರದ ಕುದುರೆ, ಫ್ರಿಜ್ಜಿಗೆ ಅಂಟಿಸುವ ಗೊಂಬೆಗಳು — ನನ್ನ ಜೊತೆ ಈ ಪರದೇಶಕ್ಕೆ ತರಬೇತಿಗೆ ಬಂದಿರುವ ನಮ್ಮ ಹಲ್ಲಿನ ಲ್ಯಾಬಿನ ಹಿರಿಯಕ್ಕ ಅವನ್ನೇ ಬಾಚಿಕೊಳ್ಳುತ್ತಿದ್ದಾಳೆ, ಅರ್ಧಕ್ಕೆ ಕೇಳೇ, ಅವರ ಮುಖ ನೋಡ್ಬೇಡ, ನೋಡಿದ್ರೆ ಕರಗಿಬಿಡ್ತೀಯ, ನಮ್ಮೋರಿಗೆಲ್ಲ ಇಷ್ಟು ಸಾಕು, ಅಂಟಿಸ್ಕೊಂಡು ಸಾಯ್ಲಿ — ಎಂದವಳು ನಾಲಗೆ ಕಚ್ಚಿಕೊಂಡು ನನ್ನತ್ತ ತಿರುಗುತ್ತಾಳೆ, ಬೆಳಿಗ್ಗೆ ಅಮ್ಮನ ಫೋನು ಬಂದಾಗ ಪಕ್ಕದಲ್ಲೇ ಇದ್ದಳಲ್ಲ, ಡಾಕ್ಟ್ರು ನಿನ್ನ ತಂಗೀನ ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಹೋಗಿ ಅಂದ್ರು ಕಣೇ ಎಂದಳು ಅಮ್ಮ, ವಾಸಿಯಾಯ್ತು ಅಂತ ಅಲ್ಲ, ಎಂದು ತಾನೇ ಬಿಡಿಸಿಯೂ ಹೇಳಿದಳು, ನಾನೆಲ್ಲಿ ತಪ್ಪು ತಿಳಿದು ಖುಷಿಪಟ್ಟುಬಿಡುತ್ತೇನೋ ಎಂದು. ಸಂಜೆ ವಿಮಾನ, ನಾಳೆ ಹೊತ್ತಿಗೆ ಮನೆ, ಅಲ್ಲೀವರೆಗೆ ಇರ್ತಾಳೇನಮ್ಮ ಎಂದು ನಾನು ಕೇಳಲಿಲ್ಲ, ಕೇಳಿದ್ದರೆ ಅದನ್ನೂ ಬಿಡಿಸಿ ಹೇಳಿಬಿಡುತ್ತಿದ್ದಳು. ತಂಗಿ, ನನಗಿಂತ ಹನ್ನೊಂದೇ ತಿಂಗಳಿಗೆ ಚಿಕ್ಕವಳು, ಹೊರಡುವ ದಿನ ದಿಂಬಿಗೆ ಒರಗಿಕೊಂಡು, ಹೋಗಕ್ಕ ತಾಯಿ, ನಿನ್ನ ಅಳುಮುಂಜಿ ಮುಖ ನೋಡಿ ನೋಡಿ ನನ್ನ ಜ್ವರ ಏರ್ತಿದೆ, ಬರ್ತಾ ಕೈಗೆ ಹಾಕ್ಕೊಳ್ಳೋದು ಏನಾದ್ರೂ ತಗೊಂಬಾ, ಸದ್ದು ಮಾಡೋದು, ಕೂಗೋಕೆ ಗಂಟಲು ಬರಲ್ಲ, ಕೈ ಅಲ್ಲಾಡಿಸಿದ್ರೆ ಅಡುಗೆಮನೇಲಿ ಅಮ್ಮಂಗೆ ಕೇಳ್ಬೇಕು. ತರ್ತೀನಿ ಎಂದೆ, ಏಳು ಕಡಲಿನಾಚೆ ಹೊರಟ ಅಜ್ಜಿಯ ಕಥೆಯ ಹುಡುಗಿಯ ಹಾಗೆ ಚೀಲ ಹೆಗಲಿಗೇರಿಸಿ ಹೊರಟುಬಂದೆ, ಅಜ್ಜಿಯ ಕಥೆಗಳು ಯಾವಾಗಲೂ ಹೋದವರ ಹಿಂದೆಯೇ ಹೋಗುತ್ತಿದ್ದವು, ಹಾಸಿಗೆಯಲ್ಲಿ ಬಿಟ್ಟುಹೋದವರ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ, ಆಮೇಲೆ ಅವರೇನಾದ್ರಜ್ಜಿ ಎಂದು ನಾವೂ ಕೇಳಲಿಲ್ಲ, ನಿದ್ದೆ ಬಂದುಬಿಡುತ್ತಿತ್ತು.

ಕಿಣಿ — ಇವಳೇ, ಸದ್ದಿನ ಒಡತಿ, ಮೂಲೆಯಲ್ಲಿ ಮಣೆ ಹಾಕಿ ಕೂತ ಮುದುಕಿ, ಮುಂದೆ ತಂತಿಯ ಸುರುಳಿ, ಇಕ್ಕಳ, ಬಟ್ಟಲ ತುಂಬ ಮೆಣಸಿನ ಕಾಳಿನಷ್ಟು ಗೆಜ್ಜೆ, ಚಾಚಿದ ಕೈಗೆ ತಂತಿ ಸುತ್ತಿ ಅಳೆದು, ಕತ್ತರಿಸಿ, ಗೆಜ್ಜೆ ಪೋಣಿಸಿ, ಕೊಕ್ಕೆ ತಿರುವುತ್ತಾಳೆ, ಇವಳ ಮಾತು ನನಗೆ ಬಾರದು, ಈ ಕೆಲಸ ಮಾತ್ರ ಬರುತ್ತದೆ, ನಾನೂ ದಿನವಿಡೀ ತಂತಿ ಬಗ್ಗಿಸುವವಳೇ, ಕಟ್ಟಿಸಿಕೊಂಡ ಹಲ್ಲು ಬಾಯಲ್ಲಿ ಅಲ್ಲಾಡದಿರಲಿ ಎಂದು, ಕೂದಲೆಳೆ ಹೆಚ್ಚಾದರೂ ಒಸಡು ಕೆಂಪಾಗುತ್ತದೆ, ಅಳತೆ ತಪ್ಪಿತೆಂದು ನನ್ನ ಕೈಯಿಂದ ಹೋದ ಒಂದು ಸೆಟ್ಟೂ ಇದುವರೆಗೆ ವಾಪಸು ಬಂದಿಲ್ಲ. ಮುದುಕಿ ನನ್ನ ಮಣಿಕಟ್ಟಿಗೆ ತಂತಿ ಸುತ್ತಿ ಹುಬ್ಬೇರಿಸಿದಳು, ಸರಿಯಾ, ತಲೆಯಾಡಿಸಿದೆ, ಯೋಚಿಸಲೇ ಇಲ್ಲ, ಚಿಕ್ಕಂದಿನಿಂದ ಹೀಗೇ ಅಲ್ಲವೇ, ಬಳೆಗೆ ನನ್ನದೊಂದೇ ಕೈ, ಲಂಗಕ್ಕೆ ನನ್ನದೊಂದೇ ಸೊಂಟ, ದರ್ಜಿ ಟೇಪು ಎತ್ತಿಕೊಂಡರೆ ಅಮ್ಮ, ಚಿಕ್ಕೋಳ್ನ ಯಾಕೆ ಕರೀಬೇಕು, ಇಬ್ರದ್ದೂ ಒಂದೇ, ಎರಡು ಹೊಲ್ದುಬಿಡಿ, ಅವಳು ಮನೆಯಲ್ಲಿ ಆಡಿಕೊಂಡಿರುತ್ತಿದ್ದಳು, ಹೊಸ ಚಪ್ಪಲಿ ಅವಳಿಗೆ ಕಚ್ಚಿದರೆ ಅವಳ ಬೈಗುಳ ನನಗೆ, ನಿನ್ನ ಕಾಲೇ ಸರಿಯಿಲ್ಲ ಕಣೇ — ಕಟ್ ಎಂದಿತು ಇಕ್ಕಳ, ತಂತಿ ತುಂಡಾಗಿ ಮುದುಕಿಯ ಮಡಿಲಿಗೆ ಬಿತ್ತು.

ಬಿದ್ದ ಮೇಲೆ ನೆನಪಾಯಿತು. ಹೊರಡುವ ಮಧ್ಯಾಹ್ನ, ಹಾಸಿಗೆಯಂಚು, ತಂಗಿಯ ಮಣಿಕಟ್ಟನ್ನು ಹೆಬ್ಬೆರಳು ತೋರುಬೆರಳಲ್ಲಿ ಸುತ್ತಿ ಹಿಡಿದಿದ್ದೆ, ಹೆಬ್ಬೆರಳು ತೋರುಬೆರಳಿನ ಉಗುರು ದಾಟಿ ಮೊದಲ ಗೆಣ್ಣಿನ ಮೇಲೆ ಹೋಗಿ ಕೂತಿತ್ತು, ಬಿಡೇ, ಕಳ್ಳೀನ ಹಿಡ್ದ ಹಾಗೆ ಹಿಡ್ದಿದೀಯ ಎಂದು ನಕ್ಕಳು, ಆಗಲೇ ಗೊತ್ತಿತ್ತು ನನಗೆ, ಕೈಗೆ ಗೊತ್ತಿತ್ತು, ಆದರೂ ಇಲ್ಲಿ ತಲೆಯಾಡಿಸಿದೆನಲ್ಲ, ಈ ತಂತಿ ಅವಳ ಮೊಣಕೈವರೆಗೆ ಜಾರುತ್ತದೆ, ಎತ್ತಿದರೆ ತೋಳಿಗೆ, ಇಳಿಸಿದರೆ ಹಾಸಿಗೆಯ ಕೆಳಗೆ. ಬೇಡ ಬೇಡ ಎಂದು ಕೈಯಾಡಿಸಿದೆ, ಬೆರಳುಗಳನ್ನು ಉಂಗುರ ಮಾಡಿ ತೋರಿಸಿದೆ, ಇಷ್ಟು. ಮುದುಕಿ ಮುಖವರಳಿಸಿ ತೋಳಲ್ಲಿ ಕೂಸು ತೂಗಿ ತೋರಿಸುತ್ತಾಳೆ, ನಿನ್ನ ಮಗುವಾ, ಅಲ್ಲ ಎಂದು ತಲೆಯಲ್ಲಾಡಿಸುತ್ತೇನೆ, ಮೊಣಕಾಲಿನಷ್ಟೆತ್ತರ ಕೈ ಹಿಡಿಯುತ್ತಾಳೆ, ಇಷ್ಟುದ್ದದವಳಾ, ಅಲ್ಲಜ್ಜಿ, ನಾನು ಕನ್ನಡದಲ್ಲೇ ಹೇಳುತ್ತಿದ್ದೇನೆ, ನನ್ನಷ್ಟೇ ಉದ್ದ ಇದಾಳೆ, ಇಬ್ರದ್ದೂ ಒಂದೇ, ಒಂದು ಕೈಯನ್ನು ನನ್ನ ನೆತ್ತಿಯ ಮಟ್ಟಕ್ಕೆ ಎತ್ತಿ ತೋರಿಸುತ್ತೇನೆ, ಇನ್ನೊಂದರಲ್ಲಿ ಉಂಗುರ. ಮುದುಕಿ ಮೊದಲು ನಕ್ಕಳು, ಮೇಲಿನ ಕೈ ನೋಡಿದಳು, ಉಂಗುರ ನೋಡಿದಳು, ಮತ್ತೆ ಮೇಲಿನ ಕೈ — ನಗು ನಿಂತಿತು. ಸರಸರನೆ ಹೊಸ ತಂತಿ ಎಳೆದು, ಇಕ್ಕಳ ಬಾಯಿ ತೆರೆದು, ನನ್ನ ಬೆರಳುಗಳ ಹತ್ತಿರ ತಂದು ಕಾಯುತ್ತಿದ್ದಾಳೆ, ಅಲ್ಲಾಡಿಸಬೇಡ ಎಂದು ಕಣ್ಣಲ್ಲೇ ಹೇಳುತ್ತಾಳೆ, ಆಯ್ತೇನೇ, ಬಾರೇ, ಎಂದು ಹಿರಿಯಕ್ಕ ಎಲ್ಲಿಂದಲೋ ಕೂಗುತ್ತಿದ್ದಾಳೆ, ಇರಕ್ಕ, ಅಳತೆ ಕೊಡ್ತಿದೀನಿ, ಆದರೆ ಇದು ಹನ್ನೆರಡು ದಿನದ ಹಿಂದಿನದು, ಹನ್ನೆರಡು ದಿನ ಅವಳು ಏನೂ ತಿಂದಿಲ್ಲ, ಹೆಬ್ಬೆರಳು ಗೆಣ್ಣು ದಾಟಿತು, ಇಷ್ಟಾ, ಇನ್ನೂ ಒಂದಿಷ್ಟು, ನಾಳೆಗೆ ಎಷ್ಟು, ಎಲ್ಲಿ ನಿಲ್ಲಿಸಲಿ, ಉಂಗುರ ಸಣ್ಣದಾಗುತ್ತಿದೆ, ಎಲ್ಲಿ ನಿಲ್ಲಿಸಲಿ, ಎರಡನೇ ಗೆಣ್ಣು, ಉಂಗುರ, ಉಂಗುರದೊಳಗೆ —